ಆಷಾಢಭೂತಿ ಯಾರ ಮನೆಯಲ್ಲಿದ್ದಾನೆ?

ಕಪಟಿಗೆ ನಮ್ಮ ಕನ್ನಡದಲ್ಲಿರುವ ಹೆಸರುಗಳನ್ನು ಒಮ್ಮೆ ನೆನೆದುಕೊಳ್ಳೋಣ. ಹೊರಗೆ ಭಕ್ತಿಯನ್ನು ತೋರಿ ಒಳಗೆ ಲಾಭವನ್ನು ಎಣಿಸುವವನನ್ನು ‘ಆಷಾಢಭೂತಿ’ ಎನ್ನುತ್ತೇವೆ. ಧ್ಯಾನದ ಸೋಗಿನಲ್ಲಿ ಸಮಯ ಕಾಯುವವನದು ‘ಬಕಧ್ಯಾನ’. ಇಲಿ ಕಾಣುವವರೆಗೆ ಮಾತ್ರ ಬಾಳುವ ವೈರಾಗ್ಯಕ್ಕೆ ‘ಬೆಕ್ಕಿನ ಸಂನ್ಯಾಸ’ವೆಂದು ಹೆಸರು. ಈ ಮಾತುಗಳನ್ನು ಯಾವ ನಿಘಂಟುಕಾರನೂ ಕುಳಿತು ರಚಿಸಿದ್ದಲ್ಲ. ಯಾವ ನೀತಿಬೋಧಕನೂ ಉಪದೇಶಿಸಿದ್ದಲ್ಲ. ಇವೆಲ್ಲವೂ ಕಥೆಗಳಿಂದ ಬಂದವು. ಮನುಷ್ಯನ ಅತ್ಯಂತ ಹಳೆಯ ರೋಗಗಳಲ್ಲೊಂದಾದ ಡಾಂಭಿಕತೆಗೆ ಹೆಸರಿಟ್ಟವನು ನಗುತ್ತಾ ಕಥೆ ಹೇಳಿದವನು. ಹೆಸರಿಲ್ಲದ ರೋಗಕ್ಕೆ ಮದ್ದಿಲ್ಲ ಎಂಬುದನ್ನು ಒಪ್ಪುವುದಾದರೆ, ವಿಡಂಬನೆಯ ಕಥೆಗಾರನು ಸಮಾಜಕ್ಕೆ ಮಾಡಿದ ಉಪಕಾರ ಸಣ್ಣದಲ್ಲವೆಂಬುದನ್ನೂ ಒಪ್ಪಬೇಕಾಗುತ್ತದೆ.

ಆದರೆ ಆಷಾಢಭೂತಿಯ ಕಥೆಯನ್ನು ನಾವು ಪೂರ್ಣವಾಗಿ ನೆನಪಿಟ್ಟುಕೊಂಡಿದ್ದೇವೆಯೇ? ಪಂಚತಂತ್ರದಲ್ಲಿ ದೇವಶರ್ಮನೆಂಬ ಸಂನ್ಯಾಸಿಯೊಬ್ಬನಿದ್ದಾನೆ. ಭಕ್ತರು ಕೊಟ್ಟ ಒಳ್ಳೊಳ್ಳೆಯ ವಸ್ತ್ರಗಳನ್ನು ಮಾರಿ ಆತ ಹಣ ಕೂಡಿಟ್ಟಿದ್ದಾನೆ. ಆ ಗಂಟನ್ನು ಹಗಲಿರುಳು ಕಂಕುಳಿನಿಂದ ಇಳಿಸದೆ ಕಾಯುತ್ತಾನೆ. ಆಷಾಢಭೂತಿಯೆಂಬ ಧೂರ್ತನು ಆತನ ಬಳಿ ಶಿಷ್ಯನಾಗಿ ಸೇರಿ, ವಿನಯದ ನಟನೆಯಿಂದ ನಂಬಿಕೆ ಗಳಿಸಿ, ಒಂದು ದಿನ ಗಂಟಿನೊಡನೆ ಮಾಯವಾಗುತ್ತಾನೆ. ಕಥೆ ನಗುವುದು ಇಬ್ಬರನ್ನೂ ಕುರಿತು. ಎಲ್ಲವನ್ನೂ ತೊರೆದೆನೆಂದು ಹೇಳಿ ಹಣದ ಗಂಟನ್ನು ಅಪ್ಪಿಕೊಂಡ ಗುರುವೂ ಕಪಟಿಯೇ, ಅದನ್ನು ಕದ್ದ ಶಿಷ್ಯನೂ ಕಪಟಿಯೇ. ಹೀಗಿದ್ದರೂ ನಮ್ಮ ಭಾಷೆ ಶಿಷ್ಯನ ಹೆಸರನ್ನು ಮಾತ್ರ ಬೈಗುಳವಾಗಿ ಉಳಿಸಿಕೊಂಡು ಗುರುವಿನ ಹೆಸರನ್ನು ಮರೆತುಬಿಟ್ಟಿತು. ವಿಡಂಬನೆಯನ್ನು ನಾವು ಓದುವ ರೀತಿಯೇ ಇದು. ಕಳ್ಳನಲ್ಲಿ ನೆರೆಯವನನ್ನು ಕಾಣುತ್ತೇವೆ. ಗಂಟನ್ನು ಅಪ್ಪಿಕೊಂಡವನಲ್ಲಿ ನಮ್ಮನ್ನು ಕಾಣುವುದಿಲ್ಲ. ಆಂಗ್ಲ ವಿಡಂಬನಕಾರ ಜೊನಾಥನ್ ಸ್ವಿಫ್ಟ್ ಕೂಡ ಈ ದೌರ್ಬಲ್ಯವನ್ನು ಬಲ್ಲವನಾಗಿದ್ದ. ವಿಡಂಬನೆಯೆಂಬ ಕನ್ನಡಿಯಲ್ಲಿ ಜನರು ತಮ್ಮ ಮುಖವೊಂದನ್ನು ಬಿಟ್ಟು ಉಳಿದೆಲ್ಲರ ಮುಖಗಳನ್ನೂ ಕಾಣುತ್ತಾರೆಂದು ಆತ ಮೂರು ಶತಮಾನಗಳ ಹಿಂದೆಯೇ ಗುರುತಿಸಿದ್ದನು.

ಈ ಲೇಖನದ ವಾದವಾದರೂ ಇಷ್ಟೇ: ವಿಡಂಬನೆಯ ಕಥೆ ತನ್ನ ಕೆಲಸವನ್ನು ಪೂರೈಸುವುದು ಓದುಗನು ಅದರಲ್ಲಿ ತನ್ನನ್ನು ಕಂಡುಕೊಂಡಾಗ ಮಾತ್ರ. ಅಲ್ಲಿಯವರೆಗೆ ಅದು ಜಗಲಿಯ ಹರಟೆಗಿಂತ ಹೆಚ್ಚಿನದಲ್ಲ.

ಪಾಶ್ಚಾತ್ಯ ಭಾಷೆಗಳಲ್ಲಿ ಕಪಟಿಗೆ ಬಳಸುವ ಪದವೂ ಗ್ರೀಕರ ರಂಗಭೂಮಿಯಿಂದ ಬಂದದ್ದು. ಅದರ ಮೂಲದಲ್ಲಿ ಆ ಪದಕ್ಕೆ ನಟನೆಂದು ಅರ್ಥ. ಈ ಅರ್ಥವನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಯ ಯುವಕರು ಹಾರ್ಮೋನಿಯಂ ಮೇಷ್ಟರ ಬಳಿ ತಿಂಗಳುಗಟ್ಟಲೆ ಕಲಿತು ‘ಕುರುಕ್ಷೇತ್ರ’ ನಾಟಕವಾಡುವ ಸೀಮೆಯಿದು. ರಾತ್ರಿಯೆಲ್ಲಾ ದುರ್ಯೋಧನನಾಗಿ ಗದೆ ತಿರುಗಿಸಿದವನು ಬೆಳಗಾದೊಡನೆ ಬಣ್ಣ ತೊಳೆದು, ಬಾಡಿಗೆಗೆ ತಂದ ಕಿರೀಟವನ್ನು ಹಿಂದಿರುಗಿಸಿ, ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುತ್ತಾನೆ. ಅವನ ನಟನೆ ಕಲೆ. ಬೆಳಗಾದ ಮೇಲೂ ಬಣ್ಣ ತೊಳೆಯದೆ, ಆ ಕಿರೀಟ ತನ್ನದೇ ಎಂದು ನಂಬಿ ಬಾಳುವವನ ನಟನೆಗೆ ಬೇರೆ ಹೆಸರಿದೆ. ಯೇಸುಸ್ವಾಮಿಯು ಫರಿಸಾಯರನ್ನು ಖಂಡಿಸುವಾಗ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಬರುವುದು ಇದೇ ‘ನಟ’ ಎಂಬ ಪದವೆಂಬುದನ್ನು ನೆನೆದರೆ ಆ ಖಂಡನೆಯ ಮೊನೆ ಇನ್ನಷ್ಟು ಚುರುಕಾಗಿ ತಾಗುತ್ತದೆ.

ಉಪದೇಶ ಸಾಧಿಸಲಾರದ್ದನ್ನು ಕಥೆ ಹೇಗೆ ಸಾಧಿಸುತ್ತದೆ? ಇದಕ್ಕೆ ಹಳೆಯ ಒಡಂಬಡಿಕೆಯಲ್ಲಿಯೇ ಅತ್ಯುತ್ತಮ ನಿದರ್ಶನವಿದೆ. ಅರಸನಾದ ದಾವೀದನು ಪರರ ಪತ್ನಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ಆಕೆಯ ಗಂಡನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದ್ದಾನೆ. ಆತನನ್ನು ನೇರವಾಗಿ ದೂಷಿಸಲು ಪ್ರವಾದಿ ನಾತಾನನು ಮುಂದಾಗುವುದಿಲ್ಲ. ಒಂದು ಕಥೆ ಹೇಳುತ್ತಾನೆ. ಹಿಂಡುಗಟ್ಟಲೆ ಕುರಿಗಳಿದ್ದ ಧನಿಕನೊಬ್ಬನು ತನ್ನ ಅತಿಥಿಯ ಊಟಕ್ಕಾಗಿ, ಬಡವನೊಬ್ಬನು ಮಗಳಂತೆ ಸಾಕಿದ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆಯದು. ಕೇಳಿದ ಅರಸನು ಕೋಪದಿಂದ ಕುದಿದು, ಅಂಥವನು ಮರಣದಂಡನೆಗೆ ಅರ್ಹನೆಂದು ತೀರ್ಪು ಕೊಟ್ಟುಬಿಡುತ್ತಾನೆ. ಆಗ ನಾತಾನನು, ಆ ಧನಿಕನು ಬೇರಾರೂ ಅಲ್ಲ, ತೀರ್ಪಿತ್ತ ಅರಸನೇ ಎಂದು ತಿಳಿಸುತ್ತಾನೆ. ಆರೋಪವನ್ನು ಎದುರಿಸಿದ್ದರೆ ಅರಸನು ಸಮರ್ಥನೆ ಹುಡುಕುತ್ತಿದ್ದನು. ಕಥೆಯ ಮುಂದೆ ಆತನಿಗೆ ತನ್ನನ್ನು ಕಾಯ್ದುಕೊಳ್ಳಲು ಅವಕಾಶವೇ ಸಿಗಲಿಲ್ಲ. ದಾವೀದನ ಹಿರಿಮೆಯಿರುವುದು ಇದರ ನಂತರ ಆತ ನಡೆದುಕೊಂಡ ರೀತಿಯಲ್ಲಿ. ಆತ ಕಥೆಗಾರನನ್ನು ಸೆರೆಮನೆಗೆ ಕಳುಹಿಸಲಿಲ್ಲ, ತಪ್ಪನ್ನು ಒಪ್ಪಿಕೊಂಡನು.

ಈ ದೃಷ್ಟಿಯಿಂದ ನಮ್ಮ ಕನ್ನಡ ಸಾಹಿತ್ಯವನ್ನು ನೋಡಿದರೆ, ಇಲ್ಲಿಯ ಕಾದಂಬರಿ ಪ್ರಕಾರವೇ ವಿಡಂಬನೆಯ ಮಡಿಲಲ್ಲಿ ಕಣ್ಣು ತೆರೆಯಿತೆಂದು ಹೇಳಬಹುದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ‘ಸದ್ಧರ್ಮ ವಿಜಯ’ವೆಂಬುದು ಅದರ ಇನ್ನೊಂದು ಹೆಸರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಈ ಕೃತಿಯಲ್ಲಿ ಲಂಚದಿಂದ ಸಿರಿವಂತನಾದ ಭೀಮರಾಯನಿದ್ದಾನೆ. ‘ಸಂತ’ರೆಂದು ಹೇಳಿಕೊಂಡು ತಿರುಗುವ ಡಾಂಭಿಕರ ಮಂಡಳಿಗೆ ಮನೆಯ ಬಾಗಿಲನ್ನು ತೆರೆದಿಟ್ಟ ಆತನ ಹೆಂಡತಿ ಅಂಬಾಬಾಯಿ ಇದ್ದಾಳೆ. ಎಳೆಯ ಪ್ರಾಯದಲ್ಲಿ ವಿಧವೆಯಾದ ಮಗಳು ಇಂದಿರೆಯನ್ನು ಆ ಸಂತರ ಸೇವೆಗೆ ದೂಡಲು ಹೆತ್ತವರೇ ಮುಂದಾದಾಗ, ಆಕೆ ಮನೆ ಬಿಟ್ಟು ಹೊರಟು, ಸಜ್ಜನರ ಆಶ್ರಯದಲ್ಲಿ ವಿದ್ಯೆ ಕಲಿತು, ಹೊಸ ಬಾಳನ್ನು ಕಟ್ಟಿಕೊಳ್ಳುತ್ತಾಳೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಗುಲ್ವಾಡಿಯವರು ಸಾರಸ್ವತ ಸಮಾಜಕ್ಕೆ ಸೇರಿದವರು. ಅವರ ಕಾದಂಬರಿ ಬಯಲಿಗೆಳೆದದ್ದೂ ಅದೇ ಸಮಾಜದ ಡಾಂಭಿಕತೆಯನ್ನು. ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಅವರಿಗೆ ಪರಸಮಾಜಗಳ ಹುಳುಕುಗಳು ಕಾಣದೇ ಇದ್ದಿರಲಾರವು. ಆದರೂ ಅವರು ಆರಿಸಿಕೊಂಡದ್ದು ತಮ್ಮ ಮನೆಯ ಅಂಗಳವನ್ನು. ಆರು ವರ್ಷಗಳಲ್ಲಿಯೇ, 1905ರಲ್ಲಿ, ಬೋಳಾರ ಬಾಬುರಾಯರ ‘ವಾಗ್ದೇವಿ’ ಬಂದು ಮಠದ ಒಳಗಿನ ದುರಾಶೆಯನ್ನು ಬೆಳಕಿಗೆ ತಂದಿತು. ತನ್ನವರನ್ನು ಕುರಿತು ನಗುವ ಧೈರ್ಯವಿಲ್ಲದವನು ವಿಡಂಬನೆಯ ಲೇಖನಿಯನ್ನು ಹಿಡಿಯಬಾರದೆಂಬ ನಿಯಮವನ್ನು ಈ ಹಿರಿಯರು ಬರೆಯದೆಯೇ ಬರೆದಿಟ್ಟರು.

ಕಾದಂಬರಿಯಿಂದ ರಂಗಭೂಮಿಗೆ ಬಂದರೆ ಮೊದಲು ನೆನಪಾಗುವವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದ ಅವರು ಕನ್ನಡ ರಂಗಭೂಮಿಗೆ ಮಧ್ಯಮ ವರ್ಗದ ಮನೆಯ ನಡುಮನೆಯನ್ನು ತಂದರು. ಅವರ ‘ಟೊಳ್ಳು-ಗಟ್ಟಿ’ ನಾಟಕದಲ್ಲಿ ಇಬ್ಬರು ಅಣ್ಣತಮ್ಮಂದಿರು. ಪುಟ್ಟು ಪರೀಕ್ಷೆಗಳಲ್ಲಿ ಮುಂದು, ತಂದೆಯ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದು, ಆದರೆ ಕಾಯಿಲೆ ಬಿದ್ದ ತಾಯಿಯ ಬಳಿ ಇರುವವನು ಅವನೇ. ಮನೆಗೆ ಆಪತ್ತು ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ತಾನಾಗಿಯೇ ತಿಳಿಯುತ್ತದೆ. ನೂರು ವರ್ಷಗಳಷ್ಟು ಹಳೆಯದಾದ ಈ ನಾಟಕದ ವಸ್ತು ಹಳತಾಗಿದೆಯೆಂದು ಯಾರಾದರೂ ಹೇಳಬಲ್ಲರೇ? ಫಲಿತಾಂಶದ ಮರುದಿನ ನಮ್ಮ ಊರುಗಳ ವೃತ್ತಗಳಲ್ಲಿ ಅಂಕಗಳೊಡನೆ ಮಕ್ಕಳ ಭಾವಚಿತ್ರವಿರುವ ಫ್ಲೆಕ್ಸುಗಳು ಏಳುತ್ತವೆ. ಅಜ್ಜಿಗೆ ಔಷಧ ಕುಡಿಸಿದ ಹುಡುಗನ ಫ್ಲೆಕ್ಸನ್ನು ಯಾವ ವೃತ್ತದಲ್ಲಿಯೂ ಯಾರೂ ಕಟ್ಟುವುದಿಲ್ಲ.

ಟೊಳ್ಳು ಯಾವುದು, ಗಟ್ಟಿ ಯಾವುದು ಎಂದು ಪರೀಕ್ಷಿಸುವುದು ಈ ಸೀಮೆಯವರಿಗೆ ಹೊಸ ವಿದ್ಯೆಯೇನೂ ಅಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ನೂಲು ಬಿಚ್ಚಾಣಿಕೆಯವರು ಗೂಡಿನ ಹೊಳಪನ್ನಷ್ಟೇ ನೋಡಿ ಬೆಲೆ ಕಟ್ಟುವುದಿಲ್ಲ. ಬೆರಳಿನಿಂದ ಒತ್ತಿ, ಅಲುಗಾಡಿಸಿ, ಒಳಗಿನ ಸ್ಥಿತಿಯನ್ನು ತಿಳಿದುಕೊಳ್ಳುತ್ತಾರೆ. ರಾಶಿ ತೂರುವ ರೈತನಿಗೆ ಜೊಳ್ಳು ಯಾವ ಕಡೆ ಹಾರುವುದೆಂದು ಹೇಳಿಕೊಡಬೇಕಾಗಿಲ್ಲ. ವಿಡಂಬನೆಯ ಕಥೆಯೂ ಹೀಗೆಯೇ ತೂರುವ ಗಾಳಿ. ಗಟ್ಟಿ ಕಾಳಿಗೆ ಗಾಳಿಯ ಭಯವಿಲ್ಲ.

1942ರಲ್ಲಿ ಬೆಂಗಳೂರಿನ ವೈದ್ಯರಾದ ಡಾ. ಎಂ. ಶಿವರಾಂ ಅವರು, ಅಂದರೆ ನಮ್ಮ ‘ರಾಶಿ’ಯವರು, ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿ ಕಾಲು ಶತಮಾನದ ಕಾಲ ನಡೆಸಿದರು. ಮುಂದೆ ದೇಶಕ್ಕೇ ಹೆಸರಾದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ಗೆರೆಗಳು ಎಳೆಯ ವಯಸ್ಸಿನಲ್ಲಿಯೇ ಅದರ ಪುಟಗಳನ್ನು ಅಲಂಕರಿಸಿದ್ದವು. ಮನಸ್ಸಿನ ಕಾಯಿಲೆಗಳನ್ನು ಬಲ್ಲ ವೈದ್ಯರೊಬ್ಬರು ನಗೆಯ ಪತ್ರಿಕೆಯನ್ನು ಔಷಧಾಲಯದಂತೆ ನಡೆಸಿದ್ದು ಅರ್ಥಪೂರ್ಣವಾದ ಸಂಗತಿ. ಇದೇ ಪರಂಪರೆಯ ಇನ್ನೊಂದು ಕವಲಿನಂತಿದ್ದ ಬೀchiಯವರು ತಮ್ಮ ಆತ್ಮಕಥೆಯನ್ನು ‘ನನ್ನ ಭಯಾಗ್ರಫಿ’ ಎಂದು ಕರೆದು, ಇತರರನ್ನು ನೋಡಿ ನಗುವ ಮೊದಲು ತಮ್ಮನ್ನು ನೋಡಿಯೇ ನಕ್ಕರು.

ಆದರೆ ವಿಡಂಬನೆ ಸದಾ ನಗಿಸಬೇಕೆಂದೇನೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿರುವ ‘ತಬರನ ಕಥೆ’ಯನ್ನು ಓದಿ ಮುಗಿಸಿದವನ ಗಂಟಲು ಕಟ್ಟುತ್ತದೆ. ಸರ್ಕಾರಕ್ಕೆ ನಿಷ್ಠೆಯಿಂದ ದುಡಿದು ನಿವೃತ್ತನಾದ ಕೆಳದರ್ಜೆಯ ನೌಕರ ತಬರನು ತನಗೆ ಸಲ್ಲಬೇಕಾದ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಹುಣ್ಣು ದಿನದಿಂದ ದಿನಕ್ಕೆ ಮೇಲೇರುತ್ತದೆ. ಕಡತ ತೆವಳುತ್ತದೆ, ಹುಣ್ಣು ಓಡುತ್ತದೆ. ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರವಾಗಿಸಿದಾಗ 1986ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಸಂದವು.

ಈ ಕಥೆಯಲ್ಲಿ ಖಳನಾಯಕನೇ ಇಲ್ಲವೆಂಬುದು ಅದರ ನಿಜವಾದ ಭೀಕರತೆ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮಟ್ಟಿಗೆ ನಿಯಮ ಪಾಲಿಸಿದವನೇ. ಪ್ರತಿಯೊಬ್ಬನ ಬಾಯಲ್ಲೂ ‘ಜನಸೇವೆ’ ಎಂಬ ಮಾತಿದೆ. ಎಲ್ಲರೂ ಸರಿಯಾಗಿಯೇ ಇದ್ದಾರೆ, ಒಬ್ಬ ಹೆಂಗಸು ಮಾತ್ರ ಸಾಯುತ್ತಾಳೆ. ಆ ಕಥೆ ಬಂದ ಬಹುಕಾಲದ ಮೇಲೆ, 2011ರಲ್ಲಿ, ಸೇವೆಗಳನ್ನು ಗೊತ್ತಾದ ಅವಧಿಯಲ್ಲಿ ಒದಗಿಸಬೇಕೆಂಬ ಕಾಯ್ದೆಯನ್ನು ನಮ್ಮ ರಾಜ್ಯ ಮಾಡಿತು. ‘ಸಕಾಲ’ವೆಂಬ ಹೆಸರಿನಲ್ಲಿ 2012ರಿಂದ ಅದು ಜಾರಿಗೆ ಬಂದಿತು. ಸ್ವಾಗತಾರ್ಹವೇ ಹೌದು. ಆದರೆ ಕಾಯ್ದೆಯು ಕಡತಕ್ಕೆ ಗಡುವು ವಿಧಿಸಬಲ್ಲದೇ ಹೊರತು, ಎದುರು ನಿಂತ ವೃದ್ಧನ ಮುಖವನ್ನು ತಲೆಯೆತ್ತಿ ನೋಡುವಂತೆ ಮಾಡಲಾರದು. ಆ ಕೆಲಸವನ್ನು ತಬರನೇ ಮಾಡಬೇಕು. ತಾಲ್ಲೂಕು ಕಚೇರಿಯ ಮೆಟ್ಟಿಲುಗಳ ಮೇಲೆ ಕುಳಿತ ವೃದ್ಧರನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ‘ತಬರ’ ಎಂಬ ಹೆಸರು ಮೂಡಿದರೆ, ಕಥೆಗೆ ಅದೇ ಜಯ.

ಧರ್ಮವಂತರು ವಿಡಂಬನೆಯನ್ನು ಹೇಗೆ ಸ್ವೀಕರಿಸಬೇಕೆಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಚರಿತ್ರೆಯಲ್ಲಿ ಎರಡು ಬಗೆಯ ಉತ್ತರಗಳಿವೆ. 1511ರಲ್ಲಿ ಪ್ರಕಟವಾದ ‘ಮೌಢ್ಯ ಪ್ರಶಂಸೆ’ ಎಂಬ ಕೃತಿಯಲ್ಲಿ, ಸ್ವತಃ ಗುರುಗಳಾಗಿದ್ದ ಎರಾಸ್ಮಸ್ ಅವರು ತಮ್ಮ ಕಾಲದ ಪಂಡಿತರನ್ನೂ ಮಠವಾಸಿಗಳನ್ನೂ ಧರ್ಮಾಧಿಕಾರಿಗಳನ್ನೂ ನಿರ್ದಾಕ್ಷಿಣ್ಯವಾಗಿ ಲೇವಡಿ ಮಾಡಿದರು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ತಮ್ಮ ಮಿತ್ರ ಥಾಮಸ್ ಮೋರ್ ಅವರಿಗೆ. ಮೋರ್ ನಕ್ಕರು, ಮೆಚ್ಚಿದರು. ಮುಂದೆ ಆತ್ಮಸಾಕ್ಷಿಗಾಗಿ ತಲೆಯನ್ನೇ ಒಪ್ಪಿಸಿದ ಅವರನ್ನು 1935ರಲ್ಲಿ ಧರ್ಮಸಭೆ ಸಂತರೆಂದು ಘೋಷಿಸಿತು. ಇದು ಒಂದು ಉತ್ತರ. ಫ್ರಾನ್ಸಿನ ಮೊಲಿಯೇರ್ 1664ರಲ್ಲಿ ‘ತಾರ್ತ್ಯೂಫ್’ ನಾಟಕವನ್ನು ಆಡಿದಾಗ ದೊರೆತದ್ದು ಇನ್ನೊಂದು ಉತ್ತರ. ಭಕ್ತನ ಸೋಗಿನಲ್ಲಿ ಗೃಹಸ್ಥನ ಮನೆ ಹೊಕ್ಕು ಆಸ್ತಿಯನ್ನೇ ಲಪಟಾಯಿಸಲು ನೋಡುವ ಕಪಟಿಯ ಕಥೆಯದು, ನಮ್ಮ ಆಷಾಢಭೂತಿಯ ದೂರದ ದಾಯಾದಿ. ನಾಟಕಕ್ಕೆ ನಿಷೇಧ ಬಂದಿತು. 1667ರಲ್ಲಿ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಅದನ್ನು ನೋಡುವವರಿಗೆ, ಓದುವವರಿಗೆ ಬಹಿಷ್ಕಾರದ ಎಚ್ಚರಿಕೆಯಿತ್ತರು. 1669ರಲ್ಲಿ ನಿಷೇಧ ತೆರವಾಯಿತು. ಇಂದು ಆ ನಾಟಕವನ್ನು ಜಗತ್ತು ಬಲ್ಲದು. ನಿಷೇಧಿಸಿದವರ ಹೆಸರನ್ನು ಬಲ್ಲವರು ವಿರಳ. ನಾಟಕ ಖಂಡಿಸಿದ್ದು ಭಕ್ತಿಯನ್ನಲ್ಲ, ಭಕ್ತಿಯ ವೇಷವನ್ನು. ವೇಷವನ್ನು ಖಂಡಿಸಿದವನು ಭಕ್ತಿಯ ಶತ್ರುವಾಗಲಾರ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಗುಲ್ವಾಡಿಯವರಂಥ ಲೇಖಕರೊಬ್ಬರು ಇಂದು ನಮ್ಮ ಕ್ರೈಸ್ತ ಸಮುದಾಯದಲ್ಲಿ ಕಾದಂಬರಿ ಬರೆಯಲು ಕುಳಿತರೆ ಅವರಿಗೆ ವಸ್ತುವಿನ ಬರವುಂಟೇ? ವರದಕ್ಷಿಣೆಯನ್ನು 1961ರ ಕಾಯ್ದೆ ನಿಷೇಧಿಸಿದೆ; ನಾವೂ ಅದನ್ನು ಬಾಯಿತುಂಬ ಖಂಡಿಸುತ್ತೇವೆ. ಮಗನ ಮದುವೆಯ ಮಾತುಕತೆಯಲ್ಲಿ ಮಾತ್ರ, ನಮಗೇನೂ ಬೇಡ, ನಿಮ್ಮ ಮಗಳಿಗೆ ನಿಮ್ಮ ಸಂತೋಷಕ್ಕೆ ಏನು ಕೊಡುತ್ತೀರೋ ಕೊಡಿ ಎಂದು ನಗುತ್ತೇವೆ. ಆ ‘ಸಂತೋಷ’ದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬೀಗರಿಗೆ ಮೊದಲೇ ತಿಳಿಸಿರುತ್ತೇವೆ. ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿದವರು, ಸಂಬಂಧದ ಮಾತು ಬಂದೊಡನೆ, ಜ್ಞಾನಸ್ನಾನಕ್ಕೆ ಮುಂಚೆ ತಮ್ಮ ಮುತ್ತಜ್ಜ ಯಾವ ಜಾತಿಯವನಾಗಿದ್ದನೆಂದು ಕೆದಕುತ್ತೇವೆ. ಜಾತಿಭೇದ ಪಾಪವೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸ್ಪಷ್ಟವಾಗಿ ನುಡಿಯಬೇಕಾಯಿತೆಂದರೆ, ರೋಗವು ಮನೆಯೊಳಗೇ ಇದೆಯೆಂದು ಅರ್ಥವಲ್ಲವೇ? ದೇವಾಲಯದ ಹಬ್ಬಕ್ಕೆ ಕೊಟ್ಟ ದೇಣಿಗೆಯ ಮೊತ್ತವನ್ನು ಅಮೃತಶಿಲೆಯ ಮೇಲೆ ಕೆತ್ತಿಸಿ, ಮನೆಗೆಲಸದವಳ ಸಂಬಳವನ್ನು ಮುಂದಿನ ತಿಂಗಳಿಗೆ ದೂಡುವವರೂ ನಾವೇ. ಎದೆ ಬಡಿದುಕೊಂಡು ದೂರ ನಿಂತ ಸುಂಕದವನ ಸಾಮತಿಯನ್ನು ಕೇಳಿ, ದೇವರೇ, ನಾನು ಆ ಫರಿಸಾಯನಂತಲ್ಲವೆಂದು ಸಮಾಧಾನಪಟ್ಟುಕೊಳ್ಳುವವರೂ ನಾವೇ. ಆ ಒಂದು ಸಮಾಧಾನದಿಂದಲೇ ನಾವು ಫರಿಸಾಯರಾಗಿಬಿಟ್ಟೆವೆಂಬುದು ಹೊಳೆಯುವುದೇ ಇಲ್ಲ!

ಇಷ್ಟೆಲ್ಲಾ ಬಯಲಿಗೆಳೆಯಲು ಕಥೆಯೇ ಏಕೆ ಬೇಕು, ಇಂದು ಮೊಬೈಲಿನಲ್ಲಿಯೇ ಪ್ರತಿನಿತ್ಯ ವಿಡಂಬನೆ ಹರಿದಾಡುತ್ತಿದೆಯಲ್ಲ ಎಂದು ಕೇಳುವವರುಂಟು. ಎರಡಕ್ಕೂ ದೊಡ್ಡ ಅಂತರವಿದೆ. ಟ್ರೋಲ್ ಎಂಬುದು ಒಬ್ಬನ ಹೆಸರು ಹಿಡಿದು, ಆತನ ಭಾವಚಿತ್ರ ಹಾಕಿ, ಸಾವಿರಾರು ಜನ ಸೇರಿ ಕಲ್ಲೆಸೆಯುವ ಆಟ. ಅಲ್ಲಿ ಒಬ್ಬನು ಅಪರಾಧಿ, ಉಳಿದವರೆಲ್ಲರೂ ನಿರ್ದೋಷಿಗಳು. ಕಥೆಯಾದರೋ ಯಾರ ಹೆಸರನ್ನೂ ಹೇಳುವುದಿಲ್ಲ. ಆದ್ದರಿಂದಲೇ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಅಷ್ಟಲ್ಲದೆ, ಒಳ್ಳೆಯ ವಿಡಂಬನೆಯ ಬಾಣ ಮೇಲ್ಮುಖವಾಗಿ ಸಾಗುತ್ತದೆ. ಬಡವನ ಹರಕು ಬಟ್ಟೆಯನ್ನು, ಹಳ್ಳಿಗನ ಭಾಷೆಯನ್ನು, ಅಂಗವಿಕಲನ ನಡಿಗೆಯನ್ನು ಕಂಡು ನಗುವುದು ವಿಡಂಬನೆಯಲ್ಲ, ಅದು ಕ್ರೌರ್ಯ. ತೇಜಸ್ವಿಯವರ ಓದುಗನು ತಬರನನ್ನು ಕಂಡು ನಗುವುದಿಲ್ಲ, ಆತನನ್ನು ಅಲೆದಾಡಿಸಿದ ಘನತೆಯ ಸೋಗನ್ನು ಕಂಡು ನಾಚುತ್ತಾನೆ.

ವಿಡಂಬನೆಗೆ ಹೆದರಬೇಕಾಗಿಲ್ಲದ ಬದುಕೊಂದು ಸಾಧ್ಯವೇ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಬಹುದು. ಓದುವ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಆ ಬಡ ಹುಡುಗ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ದಶಕಗಳ ಕಾಲ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿಯೇ, ಖಾದಿಯುಟ್ಟು, ಸರಳವಾಗಿ ಬಾಳಿ 2005ರಲ್ಲಿ ಅಗಲಿದರು. ದೇವರು, ಪವಾಡಗಳನ್ನು ಕುರಿತ ಅವರ ವಿಚಾರಗಳನ್ನು ನಮ್ಮಂಥ ವಿಶ್ವಾಸಿಗಳು ಒಪ್ಪದಿರಬಹುದು. ಆದರೆ ನುಡಿಗೂ ನಡೆಗೂ ನಡುವೆ ಅಂತರವೇ ಇಲ್ಲದ ಅಂಥ ಬದುಕಿನಲ್ಲಿ ವಿಡಂಬನಕಾರನ ಲೇಖನಿಗೆ ಕೆಲಸವಿಲ್ಲ. ಒಬ್ಬ ಅವಿಶ್ವಾಸಿಯ ಪ್ರಾಮಾಣಿಕತೆಯು ವಿಶ್ವಾಸಿಯನ್ನು ನಾಚಿಸುವಂತಿದ್ದರೆ ಅದನ್ನೂ ಒಂದು ಸಾಮತಿಯೆಂದೇ ತಿಳಿಯಬೇಕು.

ಪ್ರಿಯ ಓದುಗರೇ, ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ಧರ್ಮಕೇಂದ್ರಗಳ ಹಬ್ಬಗಳಲ್ಲಿ ಇಂದು ಸಿನಿಮಾ ಹಾಡಿನ ಕುಣಿತ ಹೇರಳವಾಗಿದೆ, ನಾಟಕ ವಿರಳವಾಗಿದೆ, ನಮ್ಮನ್ನೇ ಕುರಿತು ನಗುವ ನಾಟಕವಂತೂ ಇಲ್ಲವೇ ಇಲ್ಲ. ಈ ನಾಲ್ಕು ಊರುಗಳ ಯುವಜನರು ವರ್ಷಕ್ಕೊಮ್ಮೆಯಾದರೂ ‘ಟೊಳ್ಳು-ಗಟ್ಟಿ’ಯಂಥ ನಾಟಕವನ್ನು ರಂಗಕ್ಕೆ ತರಲಿ. ಕಾಲೇಜಿನ ವಿದ್ಯಾರ್ಥಿಗಳು ‘ತಬರನ ಕಥೆ’ಯನ್ನು ಗಟ್ಟಿಯಾಗಿ ಓದಿ ಚರ್ಚಿಸಲಿ. ವರದಕ್ಷಿಣೆಯ ‘ಸಂತೋಷ’ವನ್ನು ಕುರಿತು ನಮ್ಮವರೇ ಆದ ಯುವಕನೊಬ್ಬ, ಯುವತಿಯೊಬ್ಬಳು ಹೊಸ ಪ್ರಹಸನ ಬರೆಯಲಿ. ಬರೆದವರ ಮನೆಗೆ ಹಿರಿಯರು ದೂರು ಕೊಂಡೊಯ್ಯದಿರಲಿ. ಅವರಿಗೆ ಮುಂದಿನ ಸಾಲಿನಲ್ಲಿ ಕುಳಿತು ನೋಡುವಷ್ಟು ದೊಡ್ಡ ಮನಸ್ಸಿರಲಿ. ದಾವೀದ ಅರಸನಿಗೇ ಒಬ್ಬ ಕಥೆಗಾರನ ಅಗತ್ಯವಿತ್ತೆಂದರೆ ನಮ್ಮ ಪಾಡೇನು?

ಇನ್ನು ಮುಂದೆ ಯಾರನ್ನಾದರೂ ಆಷಾಢಭೂತಿಯೆಂದು ಕರೆಯಲು ನಾಲಿಗೆ ತವಕಿಸಿದಾಗ, ಕ್ಷಣಕಾಲ ತಡೆದು, ನಮ್ಮ ಕಂಕುಳಲ್ಲಿ ಅವಚಿಕೊಂಡಿರುವ ಗಂಟು ಯಾವುದೆಂದು ನೋಡಿಕೊಳ್ಳೋಣ.